ಥೈರಾಯ್ಡ್ ಇದ್ದವಳಿಗೆ ಪಿಸಿಓಎಸ್ ಇರಬಾರದೇ?

ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ಮಕ್ಕಳ ಜೊತೆ ಬಂದಿರುವ ತಾಯಂದಿರೇ, ಜಾಗ ಸಾಲದೆ ಬಾಗಿಲ ಬಳಿ ನಿಂತು ಕೇಳುತ್ತಿರುವ ವಿದ್ಯಾರ್ಥಿನಿಯರೇ,

ಸೆಪ್ಟೆಂಬರ್ ಪಿಸಿಓಎಸ್ ಜಾಗೃತಿಯ ತಿಂಗಳಾದ್ದರಿಂದ ಈ ವಿಷಯವನ್ನು ಕುರಿತು ಮಾತನಾಡಬೇಕೆಂದು ಕಾಲೇಜಿನವರು ಕೇಳಿಕೊಂಡರು. ಕತ್ತಿನ ಗ್ರಂಥಿಯ ಹಾರ್ಮೋನು ಕಡಿಮೆಯಾಗುವ ಥೈರಾಯ್ಡ್ ತೊಂದರೆಯನ್ನೂ, ಹಾರ್ಮೋನುಗಳ ಏರುಪೇರಿನಿಂದ ಅಂಡಾಶಯದ ಕೆಲಸ ಕೆಡುವ ಪಿಸಿಓಎಸ್ ಅನ್ನೂ (ಇದನ್ನೇ ಪಿಸಿಓಡಿ ಎಂದೂ ಕರೆಯುತ್ತಾರೆ) ಈ ಸಭೆಗೆ ಮೊದಲಿನಿಂದ ವಿವರಿಸಬೇಕಾಗಿಲ್ಲ. ಆ ಎರಡು ಹೆಸರುಗಳು ಈಗ ಸಕ್ಕರೆ ಕಾಯಿಲೆಯಷ್ಟೇ ಮನೆಮಾತಾಗಿವೆ. ನಾನು ವೈದ್ಯೆಯಲ್ಲ. ಪಿಯು ತರಗತಿಗಳಿಗೆ ಜೀವಶಾಸ್ತ್ರ ಕಲಿಸುವವಳು, ಮತ್ತು ಈ ಎರಡೂ ತೊಂದರೆಗಳನ್ನು ಇಟ್ಟುಕೊಂಡು ಬಾಳುತ್ತಿರುವವಳು. ನನ್ನ ಮಾತಿನ ತಿರುಳು ಇಷ್ಟೇ: ಒಂದು ಕಾಯಿಲೆಯ ಹೆಸರು ಗೊತ್ತಾಯಿತೆಂದು ಮೈಯಲ್ಲಿ ಆಗುವುದನ್ನೆಲ್ಲ ಅದರ ತಲೆಗೆ ಕಟ್ಟಬಾರದು.

ನನಗೆ ಥೈರಾಯ್ಡ್ ಕೊರತೆ ಇದೆಯೆಂದು ತಿಳಿದದ್ದು ಬಿಎಸ್ಸಿ ಎರಡನೇ ವರ್ಷದಲ್ಲಿ. ಥೈರಾಯ್ಡ್ ಕೊರತೆಯಾದಾಗ ರಕ್ತದಲ್ಲಿ ಏರುವ ಟಿಎಸ್‌ಎಚ್ ಎಂಬ ಹಾರ್ಮೋನು 18 ಇತ್ತು. ಮಾತ್ರೆ ಶುರುವಾಯಿತು, ನಾಲ್ಕು ತಿಂಗಳಲ್ಲಿ ಅದು 3ಕ್ಕೆ ಇಳಿಯಿತು, ತೂಕಡಿಕೆ ಹೋಯಿತು, ಊದಿದ ಮುಖ ಇಳಿಯಿತು. ಮುಟ್ಟು ಮಾತ್ರ ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಬರುತ್ತಿತ್ತು. ಗಲ್ಲದ ಮೇಲೆ ಒರಟು ಕೂದಲು ಮೂಡಿತು. ಕತ್ತಿನ ಹಿಂಭಾಗ ಕಪ್ಪಾಯಿತು. ಅದು ಕೊಳೆಯೆಂದು ತಿಳಿದು ನಮ್ಮಮ್ಮ ವರ್ಷಗಟ್ಟಲೆ ಕಡಲೆಹಿಟ್ಟು, ನಿಂಬೆಹೋಳು ಹಾಕಿ ಉಜ್ಜಿದರು. ರಕ್ತದಲ್ಲಿ ಇನ್ಸುಲಿನ್ ಹೆಚ್ಚಿದಾಗ ಚರ್ಮ ಹಾಗೆ ಕಪ್ಪಾಗುತ್ತದೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಯಾರಿಗೆ ಹೇಳಿದರೂ ಒಂದೇ ಉತ್ತರ: "ಥೈರಾಯ್ಡ್ ಇದೆಯಲ್ಲಮ್ಮಾ, ಹಾಗೇ ಆಗುತ್ತೆ." ಹೀಗೆ ಆರು ವರ್ಷ ಕಳೆಯಿತು.

ಮದುವೆ ಗೊತ್ತಾದಾಗ ಮುಹೂರ್ತದ ಪ್ರಶ್ನೆ ಬಂತು. ಮುಹೂರ್ತ ಇಡುವ ಮುಂಚೆ ತಾಯಂದಿರು ಮಗಳ ಮುಟ್ಟಿನ ದಿನಗಳನ್ನು ಲೆಕ್ಕ ಹಾಕುವುದು ಇಲ್ಲಿರುವ ಹಿರಿಯರಿಗೆಲ್ಲ ಗೊತ್ತು. ನಮ್ಮಮ್ಮನ ಲೆಕ್ಕವೆಲ್ಲ ಅಡುಗೆಮನೆಯ ಕ್ಯಾಲೆಂಡರಿನಲ್ಲಿತ್ತು: ಹಾಲು ಬಾರದ ದಿನಕ್ಕೆ ಗೀಟು, ಗ್ಯಾಸ್ ಸಿಲಿಂಡರ್ ಬಂದ ದಿನಕ್ಕೆ "ಗ್ಯಾ", ನಾನು ಹೊರಗಾದ ದಿನಕ್ಕೆ ಕೆಂಪು ಚುಕ್ಕೆ. ಹಾಳೆಗಳನ್ನು ಹಿಂದಕ್ಕೆ ತಿರುವುತ್ತಾ ಹೋದ ಅಮ್ಮ ಒಮ್ಮೆ ನಿಂತರು. ಮತ್ತೆ ಮೊದಲಿನಿಂದ ಎಣಿಸಿದರು. ಆ ವರ್ಷ ನಮ್ಮ ಮನೆಗೆ ಏಳು ಸಿಲಿಂಡರ್ ಬಂದಿದ್ದವು. ಕೆಂಪು ಚುಕ್ಕೆಗಳಿದ್ದದ್ದು ನಾಲ್ಕು. ಅಮ್ಮ ಆ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು, ಸುರುಳಿ ಸುತ್ತಿ, ಬಟ್ಟೆಚೀಲದಲ್ಲಿಟ್ಟುಕೊಂಡು ನನ್ನನ್ನು ಬೇರೊಬ್ಬ ವೈದ್ಯೆಯ ಬಳಿ ಕರೆದೊಯ್ದರು. ಆ ವೈದ್ಯೆ ನನ್ನ ರಿಪೋರ್ಟುಗಳನ್ನು ಬದಿಗೆ ಸರಿಸಿ, ಮೊದಲು ಕ್ಯಾಲೆಂಡರನ್ನು ಮೇಜಿನ ಮೇಲೆ ಹರವಿ ನೋಡಿದರು. ಆಮೇಲೆ ಕೇಳಿದರು: "ಆರು ವರ್ಷದಿಂದ ಟಿಎಸ್‌ಎಚ್ ಸರಿಯಾಗಿದೆ. ಹಾಗಾದರೆ ಮುಟ್ಟು ಯಾಕೆ ಸರಿಯಾಗಿಲ್ಲ?"

ಈ ಒಂದು ಪ್ರಶ್ನೆಯನ್ನು ನೀವು ಇಲ್ಲಿಂದ ಬರೆದುಕೊಂಡು ಹೋದರೆ ಸಾಕು.

ಪಿಸಿಓಎಸ್ ಅನ್ನು ಗುರುತಿಸಲು 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಮೂರು ಲಕ್ಷಣಗಳನ್ನು ಹೆಸರಿಸಿದರು: ಅಂಡ ಸರಿಯಾಗಿ ಬಿಡುಗಡೆಯಾಗದಿರುವುದು, ಗಂಡು ಹಾರ್ಮೋನು ಹೆಚ್ಚಿರುವುದು, ಸ್ಕ್ಯಾನಿನಲ್ಲಿ ಅಂಡಾಶಯದ ತುಂಬ ಸಣ್ಣ ಸಣ್ಣ ಚೀಲಗಳು ಕಾಣುವುದು. ಇವುಗಳಲ್ಲಿ ಎರಡಾದರೂ ಇರಬೇಕು; ಅದರ ಜೊತೆಗೆ ಥೈರಾಯ್ಡ್, ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಮುಂತಾದ ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ತೊಡಕು ಹುಟ್ಟುವುದು ಈ ಕೊನೆಯ ಮಾತಿನಲ್ಲಿ. ಥೈರಾಯ್ಡನ್ನು ಮೊದಲು ನೋಡಿ, ಕೊರತೆಯಿದ್ದರೆ ಸರಿಪಡಿಸಿ, ಆಮೇಲೂ ಲಕ್ಷಣಗಳು ಉಳಿದಿವೆಯೇ ಎಂದು ನೋಡಬೇಕೆಂಬುದು ಅದರ ಅರ್ಥ. ಥೈರಾಯ್ಡ್ ಇದ್ದವಳಿಗೆ ಪಿಸಿಓಎಸ್ ಬರುವುದಿಲ್ಲವೆಂದು ಅದು ಎಲ್ಲಿಯೂ ಹೇಳುವುದಿಲ್ಲ.

ಎರಡೂ ಒಂದನ್ನೊಂದು ಹೋಲುವುದಕ್ಕೆ ಕಾರಣಗಳಿವೆ. ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ಮೆದುಳು ಅದನ್ನು ಹೆಚ್ಚಿಸಲು ಕಳಿಸುವ ಸಂದೇಶವೇ ಪ್ರೊಲ್ಯಾಕ್ಟಿನ್ನನ್ನೂ ಏರಿಸುತ್ತದೆ. ಪ್ರೊಲ್ಯಾಕ್ಟಿನ್ ಏರಿದರೆ ಅಂಡ ಬಿಡುಗಡೆಗೆ ತಡೆಯಾಗುತ್ತದೆ. ರಕ್ತದಲ್ಲಿ ಗಂಡು ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನನ್ನು ಯಕೃತ್ತು ತಯಾರಿಸುತ್ತದೆ. ಥೈರಾಯ್ಡ್ ಕೊರತೆಯಿಂದಲೂ ಅದು ಕಡಿಮೆಯಾಗುತ್ತದೆ, ಪಿಸಿಓಎಸ್‌ನಲ್ಲಿ ಹೆಚ್ಚಿದ ಇನ್ಸುಲಿನ್‌ನಿಂದಲೂ ಕಡಿಮೆಯಾಗುತ್ತದೆ. ಹಿಡಿತ ತಪ್ಪಿದ ಗಂಡು ಹಾರ್ಮೋನು ಗಲ್ಲದಲ್ಲಿ ಕೂದಲು ಬೆಳೆಸಿ ನೆತ್ತಿಯಲ್ಲಿ ಉದುರಿಸುತ್ತದೆ. ತೀವ್ರ ಥೈರಾಯ್ಡ್ ಕೊರತೆಯನ್ನು ಹಾಗೆಯೇ ಬಿಟ್ಟಾಗ ಅಂಡಾಶಯಗಳೇ ಊದಿ ಚೀಲಗಟ್ಟುವುದೂ, ಮಾತ್ರೆ ಕೊಟ್ಟ ಮೇಲೆ ಕುಗ್ಗುವುದೂ ಉಂಟು. ಪಿಸಿಓಎಸ್ ಚೀಲಗಳನ್ನು ಗಡ್ಡೆಯೆಂದು ಭಾವಿಸಿ ಹೆದರುವವರಿಗೆ ಒಂದು ಮಾತು: 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಏಳು ಹೆಂಗಸರಲ್ಲಿ ಈ ತೊಂದರೆಯನ್ನು ವಿವರಿಸಿದಂದಿನಿಂದ ಚೀಲದ ಹೆಸರು ಅಂಟಿಕೊಂಡಿದೆ, ಆದರೆ ಅವು ಅರ್ಧಕ್ಕೇ ಬೆಳವಣಿಗೆ ನಿಂತ, ಒಳಗೆ ಅಂಡವಿರುವ ಸಣ್ಣ ಕೋಶಗಳು, ಕತ್ತರಿಸಿ ತೆಗೆಯಬೇಕಾದ ಗಡ್ಡೆಗಳಲ್ಲ.

ಎರಡೂ ಒಟ್ಟಿಗೆ ಇರುವುದು ಅಪರೂಪವೂ ಅಲ್ಲ. ಬೆಂಗಳೂರೂ ಸೇರಿ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಥೈರಾಯ್ಡ್ ಕೊರತೆ ಕಂಡಿತ್ತು. ಜರ್ಮನಿಯಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪಿಸಿಓಎಸ್ ಇದ್ದ 175 ಹೆಂಗಸರ ಪೈಕಿ ಕಾಲು ಭಾಗಕ್ಕೂ ಹೆಚ್ಚು ಮಂದಿಯಲ್ಲಿ ಥೈರಾಯ್ಡ್ ಗ್ರಂಥಿಯ ಮೇಲೆ ಎರಗುವ ಪ್ರತಿಕಾಯಗಳಿದ್ದವು; ಪಿಸಿಓಎಸ್ ಇಲ್ಲದವರಲ್ಲಿ ಅಂಥವರು ಹನ್ನೆರಡಕ್ಕೆ ಒಬ್ಬರು. ಆದ್ದರಿಂದ ಒಂದಿದ್ದವಳಲ್ಲಿ ಇನ್ನೊಂದನ್ನು ಹುಡುಕಬೇಕೇ ಹೊರತು, ಒಂದಿದೆಯೆಂದು ಹುಡುಕಾಟ ನಿಲ್ಲಿಸಬಾರದು.

ಇನ್ನು ದಿನನಿತ್ಯದ ಬಾಳಿನ ಮಾತು. ಥೈರಾಯ್ಡ್ ಕೊರತೆಗೆ ಕೊಡುವ ಥೈರಾಕ್ಸಿನ್ ಮಾತ್ರೆಯನ್ನು ಬರಿ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಂಡು, ಅರ್ಧದಿಂದ ಒಂದು ಗಂಟೆ ಏನೂ ಸೇವಿಸಬಾರದು. ಕಾಫಿ ಕೂಡ ಅದು ಮೈಗೆ ಹತ್ತುವುದನ್ನು ತಡೆಯುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಬೇಕು. ಪಿಸಿಓಎಸ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಇದಕ್ಕೆ ತಿರುಗುಮುರುಗು, ಅದನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು; ವರ್ಷಗಟ್ಟಲೆ ತೆಗೆದುಕೊಳ್ಳುವವರು ಬಿ12 ವಿಟಮಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕೂದಲು ಉದುರುತ್ತದೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುವ ಹುಡುಗಿಯರು ದಯವಿಟ್ಟು ಗಮನವಿಟ್ಟು ಕೇಳಿ: ಕೆಲವು ಪ್ರಯೋಗಾಲಯಗಳ ವಿಧಾನದಲ್ಲಿ ಬಯೋಟಿನ್ ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ರಕ್ತ ಕೊಡುವ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕೆಂಬುದನ್ನು ಮರೆಯಬೇಡಿ.

ತೂಕದ ವಿಷಯದಲ್ಲಿ ನನಗೆ ತಡೆಯಲಾರದ ನೋವಿದೆ. "ಮೊದಲು ತೂಕ ಇಳಿಸಿಕೊಂಡು ಬಾ" ಎಂದು ಬಾಗಿಲಲ್ಲೇ ಹೇಳಿ ಕಳಿಸಿದರೆ ಆ ಹುಡುಗಿ ಮತ್ತೆ ಬರುವುದಿಲ್ಲ. ತೂಕ ಹೆಚ್ಚಿರುವವರಿಗೆ ನೂರಕ್ಕೆ ಐದರಷ್ಟು ಇಳಿದರೂ ಪಿಸಿಓಎಸ್‌ನಲ್ಲಿ ಮುಟ್ಟು ಸುಧಾರಿಸಬಹುದೆಂಬುದು ನಿಜ. ಸಣಕಲು ಮೈಯವರಿಗೂ ಪಿಸಿಓಎಸ್ ಬರುತ್ತದೆಂಬುದೂ ಅಷ್ಟೇ ನಿಜ. ಅವರ ಕಾಯಿಲೆ ಇನ್ನೂ ತಡವಾಗಿ ಗೊತ್ತಾಗಬಹುದು. ಥೈರಾಯ್ಡ್‌ಗೆ ಆಗದೆಂದು ಹೆದರಿ ಬೇಯಿಸಿದ ಎಲೆಕೋಸನ್ನು ಬಿಡಬೇಕಾಗಿಲ್ಲ, ತೂಕಕ್ಕೆ ಹೆದರಿ ಮುದ್ದೆಯನ್ನೂ ಬಿಡಬೇಕಾಗಿಲ್ಲ. ಮುದ್ದೆ ಚಿಕ್ಕದಾಗಲಿ, ಸೊಪ್ಪು ಕಾಳು ಹೆಚ್ಚಾಗಲಿ.

ಸಮಯವಾಯಿತೆಂದು ಸೂಚನೆ ಬಂದಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. 90 ದಿನ ಕಳೆದರೂ ಮುಟ್ಟು ಬಾರದಿದ್ದರೆ ವೈದ್ಯರನ್ನು ಕಾಣಿ. ಗರ್ಭಕೋಶದ ಒಳಪದರ ದಪ್ಪವಾಗುತ್ತಲೇ ಇರುವುದು ಒಳ್ಳೆಯದಲ್ಲ. ಮೈನೆರೆದು ಎಂಟು ವರ್ಷ ತುಂಬದವರಲ್ಲಿ ಸ್ಕ್ಯಾನನ್ನು ನಂಬಿ ಪಿಸಿಓಎಸ್ ಎನ್ನಬಾರದು, ಆ ವಯಸ್ಸಿನ ಅಂಡಾಶಯ ಸಹಜವಾಗಿಯೇ ಹಾಗೆ ಕಾಣಬಹುದು. ಗರ್ಭ ನಿಂತದ್ದು ತಿಳಿದೊಡನೆ ಥೈರಾಕ್ಸಿನ್ ಪ್ರಮಾಣವನ್ನು ಹೆಚ್ಚಿಸಬೇಕಾಗಬಹುದು, ಅಂದೇ ಹೋಗಿ ಕೇಳಿ. ಮನಸ್ಸು ಕುಗ್ಗುವುದು ಎರಡೂ ಕಾಯಿಲೆಗಳಲ್ಲಿ ಇದೆ; ಅದನ್ನು ಸೋಮಾರಿತನವೆಂದು ಯಾವ ತಾಯಿಯೂ ಬೈಯಬಾರದು.

ಹೆಸರಿಲ್ಲದೆ ಬಂದಿರುವ ಚೀಟಿಗಳಲ್ಲಿ ಒಂದನ್ನಾದರೂ ಓದಿಬಿಡುತ್ತೇನೆ: "ಮದುವೆಗೆ ಮುಂಚೆ ಗಂಡಿನ ಮನೆಯವರಿಗೆ ಹೇಳಬೇಕೇ?" ಹೇಳಬೇಕೆಂಬುದು ನನ್ನ ಅಭಿಪ್ರಾಯ. ನಮ್ಮಮ್ಮ ಮುಹೂರ್ತಕ್ಕೆ ಮೊದಲೇ ಹೋಗಿ ಎರಡೂ ಕಾಯಿಲೆಗಳ ಹೆಸರು ಹೇಳಿ ಬಂದರು. ನಮ್ಮ ಅತ್ತೆಯವರು ಐದೂವರೆಗೆ ಡಿಕಾಕ್ಷನ್ ಇಳಿಸಿ ಆರಕ್ಕೆ ಎಲ್ಲರಿಗೂ ಕಾಫಿ ಕೊಡುವವರು. ಎಲ್ಲವನ್ನೂ ಕೇಳಿಸಿಕೊಂಡು ಅವರು ನಮ್ಮಮ್ಮನನ್ನು ಕೇಳಿದ್ದು, "ಮಾತ್ರೆ ನುಂಗಿ ಎಷ್ಟು ಹೊತ್ತಿನ ಮೇಲೆ ಅವಳಿಗೆ ಕಾಫಿ ಕೊಡಬಹುದು?" ಎಂದು. ಇಂದಿಗೂ ನಮ್ಮ ಮನೆಯಲ್ಲಿ ಕಾಫಿ ಆರೂವರೆಗೆ.