ಕೋವಿ ನಳಿಗೆಗೆ ಯಾವ ಸಾಲ್ವೆಂಟ್? ಬಾಟಲಿ ತೆರೆಯೋ ಮುಂಚೆ ಕೊಳೆ ನೋಡಿ

[ಮೇಜಿನ ಮೇಲೆ ಬೋಲ್ಟ್ ಬಿಚ್ಚಿದ .315 ರೈಫಲ್, ಪಕ್ಕದಲ್ಲಿ ಟಾರ್ಚು, ಸಲಾಕೆ, ಹಳೆ ಬನಿಯನ್ನಿನ ಚಿಂದಿ, ನಾಲ್ಕು ಬಾಟಲಿ]

ನಮಸ್ಕಾರ. ಸೆಪ್ಟೆಂಬರ್ ಶುರುವಾಯಿತು ಅಂದರೆ ಕೊಡಗಿನಲ್ಲಿ ಆಯುಧ ಪೂಜೆಯ ಹಬ್ಬ, ಕೈಲ್ ಮುಹೂರ್ತ. ಕೋವಿಗಳು ಗೋಡೆಯಿಂದ ಕೆಳಗಿಳಿದು, ಒರೆಸಿಕೊಂಡು, ತೋಕ್ ಪೂ ಅನ್ನೋ ಹೂವು ಮುಡಿದು ದೇವರ ಕೋಣೆ ಸೇರುತ್ತವೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅದಕ್ಕೂ ಮುಂಚೆ ಮೂರು ತಿಂಗಳು ಬಿಡದೆ ಸುರಿದ ಮಳೆ. ನಳಿಗೆಯೊಳಗೆ ಟಾರ್ಚು ಹಿಡಿದು ನೋಡೋಕೆ ಇದೇ ಸರಿಯಾದ ಹೊತ್ತು.

ಈ ಚಾನೆಲ್‌ಗೆ ಜಾಸ್ತಿ ಬರುವ ಪ್ರಶ್ನೆ ಒಂದೇ. "ಅಣ್ಣಾ, ಯಾವ ಸಾಲ್ವೆಂಟ್ ಒಳ್ಳೇದು?" ಸಾಲ್ವೆಂಟ್ ಅಂದರೆ ನಳಿಗೆಯೊಳಗಿನ ಕೊಳೆ ಕರಗಿಸುವ ದ್ರವ. ನಾನು ವಾಪಸ್ ಕೇಳುವುದೂ ಒಂದೇ. ನಳಿಗೆಯಲ್ಲಿ ಕೂತಿರುವುದು ಏನು? ತಾಮ್ರ ಬಿಡಿಸುವ ಬಾಟಲಿ ಸೀಸದ ತಂಟೆಗೇ ಹೋಗುವುದಿಲ್ಲ. ಮಸಿ ಬಿಡಿಸುವ ಬಾಟಲಿ ಉಪ್ಪನ್ನು ಮುಟ್ಟುವುದಿಲ್ಲ. ಎಲ್ಲಕ್ಕೂ ಒಂದೇ ಮದ್ದು ಅಂತ ಲೇಬಲ್ ಹೇಳಬಹುದು, ನಳಿಗೆ ಒಪ್ಪಬೇಕಲ್ಲ.

ಶುರು ಮಾಡೋ ಮುಂಚೆ ಕೋವಿ ಖಾಲಿ ಇದೆಯಾ ನೋಡಿ. ಮ್ಯಾಗಜಿನ್ ತೆಗೆಯಿರಿ, ನಳಿಗೆಯನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ತೆಗೆಯಿರಿ, ತೋಟಾ ಕೂರುವ ಛೇಂಬರಿಗೆ ಕಣ್ಣಷ್ಟೇ ಅಲ್ಲ, ಬೆರಳೂ ಹಾಕಿ. ತೋಟಾ ಆ ಕೋಣೆಯಲ್ಲೇ ಇರಬಾರದು. ಕಿಟಕಿ ತೆರೆದಿರಲಿ. ಒಲೆ, ದೀಪ, ಬೀಡಿ ಯಾವುದೂ ಹತ್ತಿರ ಬೇಡ. ಕೈಗೆ ಗ್ಲೌಸ್ ಹಾಕಿ.

[ಹತ್ತಿರದಿಂದ: ಸಲಾಕೆಯಿಂದ ಹೊರಬಂದ ಮೊದಲ ಚಿಂದಿ]

ಈಗ ಮೊದಲ ಚಿಂದಿ. ಎನ್‌ಸಿಸಿಯಲ್ಲಿ ಇದ್ದವರಿಗೆ ಈ ನಾಲ್ಕು ಇಂಚು, ಎರಡು ಇಂಚಿನ ತುಂಡು ಚೆನ್ನಾಗಿ ನೆನಪಿರುತ್ತದೆ. ಇದಕ್ಕೆ ತೆಳ್ಳಗಿನ ಸಾಲ್ವೆಂಟ್ ನಾಲ್ಕು ಹನಿ ಹಾಕಿ ಒಮ್ಮೆ ದಾಟಿಸಿ. ಹೊರಗೆ ಬಂದದ್ದನ್ನು ಎಸೆಯಬೇಡಿ, ಬೆಳಕಿಗೆ ಹಿಡಿಯಿರಿ. ಕಪ್ಪು ಅಂದರೆ ಮದ್ದಿನ ಮಸಿ. ಕಂದು, ಇಟ್ಟಿಗೆ ಬಣ್ಣ ಅಂದರೆ ತುಕ್ಕು. ಬೂದು ಬಣ್ಣದ ಹೊಳೆಯುವ ಚೂರು ಕಂಡರೆ ಸೀಸ. ತಾಮ್ರ ಮಾತ್ರ ಇಷ್ಟು ಬೇಗ ಬಾಯಿ ಬಿಡುವುದಿಲ್ಲ. ಅದನ್ನು ನೋಡೋಕೆ ನಳಿಗೆಯ ಬಾಯಿಗೆ ಓರೆಯಾಗಿ ಟಾರ್ಚು ಬಿಡಬೇಕು. ಗುಂಡು ತಿರುಗಲಿ ಅಂತ ಒಳಗೆ ಕೊರೆದ ಸುರುಳಿ ಗೀರುಗಳ ನಡುವಿನ ದಿಬ್ಬದ ಮೇಲೆ ಕೆಂಪು ಪಟ್ಟಿ ಕಾಣುತ್ತದೆ.

ಮೊದಲು ಉಪ್ಪಿನ ವಿಷಯ. ನಮ್ಮ ಕಡೆ ನಳಿಗೆಗಳು ಹಾಳಾಗುವುದಕ್ಕೆ ಇದೇ ದೊಡ್ಡ ಕಾರಣ ಅಂತ ನನ್ನ ಅನಿಸಿಕೆ. ಮಲೆನಾಡಿನ ತೋಟದ ಮನೆಗಳಲ್ಲಿ ಲೈಸೆನ್ಸ್ ಇರುವ ಕೇಪಿನ ಕೋವಿಗಳು, ಅಂದರೆ ಬಾಯಿಯಿಂದ ಮದ್ದು ತುಂಬಿ ಕೇಪು ಸಿಡಿಸಿ ಹೊಡೆಯುವಂಥವು, ಇನ್ನೂ ಇವೆ. ಅದಕ್ಕೆ ಹಾಕುವುದು ಕರಿಮದ್ದು. ಕರಿಮದ್ದು ಉರಿದಾಗ ಅರ್ಧಕ್ಕಿಂತ ಜಾಸ್ತಿ ಭಾಗ ಅನಿಲ ಆಗುವುದೇ ಇಲ್ಲ, ಘನವಾಗಿಯೇ ಉಳಿಯುತ್ತದೆ. ಒಂದಿಷ್ಟು ಆ ದಟ್ಟ ಬಿಳಿ ಹೊಗೆಯಾಗಿ ಹೋಗುತ್ತದೆ, ಉಳಿದದ್ದು ನಳಿಗೆಗೆ ಅಂಟುತ್ತದೆ. ಅದರಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಸಲ್ಫೇಟ್, ಗಂಧಕದ ಸಂಯುಕ್ತಗಳು ಎಲ್ಲ ಇವೆ. ಇವು ಗಾಳಿಯ ತೇವ ಎಳೆದುಕೊಳ್ಳುತ್ತವೆ. ಮಳೆಗಾಲದಲ್ಲಿ ಇವತ್ತು ಗುಂಡು ಹೊಡೆದು ಹಾಗೇ ಇಟ್ಟರೆ ನಾಳೆ ಬೆಳಿಗ್ಗೆಗೆ ತುಕ್ಕು ಹಿಡಿಯೋಕೆ ಶುರು.

ಇದಕ್ಕೆ ಸೀಮೆಎಣ್ಣೆ ಸುರಿಯುತ್ತಾರೆ. ಸೀಮೆಎಣ್ಣೆಯಲ್ಲಿ ಉಪ್ಪು ಕರಗುತ್ತದಾ? ಒಂದು ಚಿಟಿಕೆ ಹಾಕಿ ನೋಡಿ, ತಳದಲ್ಲಿ ಹಾಗೇ ಕೂತಿರುತ್ತದೆ. ಅದರ ಮೇಲೆ ಎಂಜಿನ್ ಆಯಿಲ್ ಹಚ್ಚಿದರೆ ಇನ್ನೂ ಕೆಡುಕು. ಕರಿಮದ್ದಿನ ಮಸಿ, ಪೆಟ್ರೋಲಿಯಂ ಎಣ್ಣೆ ಎರಡೂ ಸೇರಿ ಡಾಂಬರಿನ ಹಾಗೆ ಮೆತ್ತಿಕೊಳ್ಳುತ್ತವೆ. ಇಲ್ಲಿ ಬೇಕಾದ ಸಾಲ್ವೆಂಟ್ ನೀರು. ಬರೀ ಬಿಸಿನೀರು, ಒಂದಿಷ್ಟು ಪಾತ್ರೆ ತೊಳೆಯುವ ಸೋಪು. ನಳಿಗೆಗೆ ನೀರು ಹಾಕೋದಾ ಅಂತ ಹಿರಿಯರು ಕಣ್ಣು ಕೆಂಪು ಮಾಡಬಹುದು. ಹಾಕಿ.

[ಬಕೆಟ್, ಬಿಚ್ಚಿದ ಕೇಪಿನ ಕೋವಿ ನಳಿಗೆ]

ಮೊದಲು ಒಳಗೆ ಮದ್ದು ತುಂಬಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಮದ್ದು ಜಡಿಯುವ ಉದ್ದ ಕೋಲು, ಅಂದರೆ ಗಜವನ್ನು ನಳಿಗೆಯೊಳಗೆ ಇಳಿಬಿಟ್ಟು ಬಾಯಿಯ ಹತ್ತಿರ ಬೆರಳು ಹಿಡಿಯಿರಿ. ಅದೇ ಗಜವನ್ನು ಹೊರಗೆ ಪಕ್ಕದಲ್ಲಿಟ್ಟು ಅಳೆಯಿರಿ. ತುದಿ ಹಿಂಬದಿಯವರೆಗೂ ಮುಟ್ಟದೆ ಮುಂದೆಯೇ ನಿಂತರೆ ಒಳಗೆ ಏನೋ ಇದೆ. ಆಗ ತೊಳೆಯುವ ಮಾತು ಬಿಟ್ಟು ಗನ್‌ಸ್ಮಿತ್ ಹತ್ತಿರ ಹೋಗಿ. ಖಾಲಿ ಇದ್ದರೆ ಕೇಪು ಕೂರಿಸುವ ನಿಪ್ಪಲ್ ಬಿಚ್ಚಿ, ಹಿಂಭಾಗವನ್ನು ಸೋಪಿನ ನೀರಿಗೆ ಇಳಿಸಿ, ಬಿಗಿಯಾದ ಚಿಂದಿ ಕಟ್ಟಿದ ಗಜವನ್ನು ಮೇಲೆ ಕೆಳಗೆ ಎಳೆಯಿರಿ. ಆ ಸಣ್ಣ ತೂತಿನಿಂದ ನೀರು ಒಳಗೆ ನುಗ್ಗಿ ವಾಪಸ್ ಬರುತ್ತದೆ. ಮೊದಲ ನೀರು ಮಸಿಯ ಹಾಗಿರುತ್ತದೆ, ಕೊಳೆತ ಮೊಟ್ಟೆ ವಾಸನೆ ಬೇರೆ. ಗಂಧಕದ ಉಡುಗೊರೆ ಅದು. ನೀರು ತಿಳಿಯಾಗುವ ತನಕ ಬದಲಿಸಿ. ಕೊನೆಗೆ ಬರೀ ಬಿಸಿನೀರು ಹಾಯಿಸಿ, ಒಣ ಚಿಂದಿ, ತಕ್ಷಣ ಎಣ್ಣೆ. ಈ "ತಕ್ಷಣ"ದಲ್ಲಿ ರಾಜಿ ಇಲ್ಲ. ಬಿಸಿಯಾದ ಬೋಳು ಕಬ್ಬಿಣ ನೋಡುತ್ತಿದ್ದ ಹಾಗೇ ಕೆಂಪಾಗುತ್ತದೆ.

ಹಳೆಯ .303 ಸೇನಾ ತೋಟಾ ಹೊಡೆದ ರೈಫಲ್‌ಗೂ ಇದೇ ನಿಯಮ. ಆ ಕಾಲದ ತೋಟಾಗಳಲ್ಲಿ ಮದ್ದಿಗೆ ಕಿಡಿ ಕೊಡುವ ಪ್ರೈಮರಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಉರಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗುತ್ತದೆ. ಅಡುಗೆ ಉಪ್ಪಿನ ತಮ್ಮ ಅಂದುಕೊಳ್ಳಿ. ಅದಕ್ಕೇ ಬ್ರಿಟಿಷ್ ಸೈನ್ಯದಲ್ಲಿ ಗುಂಡು ಹೊಡೆದ ಮೇಲೆ ತಮ್ಮ .303 ಲೀ-ಎನ್‌ಫೀಲ್ಡ್ ರೈಫಲಿನ ನಳಿಗೆಗೆ ಲಾಳಿಕೆ ಇಟ್ಟು ಕುದಿಯುವ ನೀರು ಸುರಿಯುತ್ತಿದ್ದರು. ಈಗಿನ ಹೆಚ್ಚಿನ ತೋಟಾಗಳಿಗೆ ಈ ಗೋಳಿಲ್ಲ.

ಇನ್ನು ತಾಮ್ರ. .315 ರೈಫಲಿನ ಗುಂಡಿಗೆ ಹೊರಗೆ ತಾಮ್ರ ಬೆರೆತ ಲೋಹದ ಕವಚ ಇರುತ್ತದೆ. ನಳಿಗೆಯ ಸುರುಳಿ ಗೀರಿನ ಆಳ ಎಷ್ಟು ಗೊತ್ತಾ? ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಪ್ರತಿ ಗುಂಡೂ ಅಲ್ಲಿ ತಾಮ್ರವನ್ನು ಸವರಿಕೊಂಡು ಹೋಗುತ್ತದೆ. ಪದರ ದಪ್ಪವಾದರೆ ಗುರಿ ಚದುರುತ್ತದೆ.

ಇದಕ್ಕೆ ಅಮೋನಿಯಾ ಇರುವ ಸಾಲ್ವೆಂಟ್. ಗಾಳಿಯ ಆಮ್ಲಜನಕದ ಜೊತೆ ಸೇರಿ ಅಮೋನಿಯಾ ತಾಮ್ರವನ್ನು ಕರಗಿಸಿ ನೀಲಿ ಮಾಡುತ್ತದೆ. ಆಸ್ಟ್ರೇಲಿಯಾದ ಸ್ವೀಟ್ಸ್ 7.62 ಈ ಗುಂಪಿನ ಖಾರವಾದ ಬಾಟಲಿ. ಮೂಗಿಗೆ ಹಿಡಿದರೆ ಕಣ್ಣಲ್ಲಿ ನೀರು. ಹಾಪೀಸ್ ನಂಬರ್ 9 ಅನ್ನೋದು 1903ರಿಂದ ಇರುವ ಹಳೆಯ ಕೈ. ಅದರಲ್ಲಿ ಅಮೋನಿಯಾ ಸ್ವಲ್ಪವೇ, ಆದ್ದರಿಂದ ಮಸಿಗೆ ಚೆನ್ನಾಗಿದೆ, ತಾಮ್ರಕ್ಕೆ ನಿಧಾನ. ಬಾಳೆಹಣ್ಣಿನ ಹಾಗೆ ಒಂದು ವಾಸನೆ ಬರುತ್ತದಲ್ಲ, ಅದು ಅಮೈಲ್ ಅಸಿಟೇಟ್.

[ಹತ್ತಿರದಿಂದ: ನೀಲಿಯಾದ ಚಿಂದಿ]

ಖಾರದ ಸಾಲ್ವೆಂಟನ್ನು ರಾತ್ರಿಯಿಡೀ ಬಿಡಬೇಡಿ. ಲೇಬಲ್ ಮೇಲೆ ಹತ್ತೋ ಹದಿನೈದೋ ನಿಮಿಷ ಅಂತ ಇದ್ದರೆ ಅಷ್ಟೇ. ಒಣಗೋಕೆ ಬಿಡದೆ ಒರೆಸಿ, ಎಣ್ಣೆ ಹಚ್ಚಿ. ರಾತ್ರಿಯಿಡೀ ಬಿಡಬಹುದಾದ ನೊರೆ ಸಾಲ್ವೆಂಟ್‌ಗಳು ಬೇರೆ ಇವೆ. ಪುರುಸೊತ್ತು ಇದ್ದವರಿಗೆ ನಾನು ಅದನ್ನೇ ಹೇಳುತ್ತೇನೆ, ಉಜ್ಜಾಟ ಕಡಿಮೆ.

ಇಲ್ಲೊಂದು ಮೋಸ ಇದೆ. ಚಿಂದಿ ಎಷ್ಟು ಸಲ ಹಾಕಿದರೂ ನೀಲಿ ಬರ್ತಾನೇ ಇದೆ ಅಂತ ಎಷ್ಟೋ ಜನ ಬಾಟಲಿ ಖಾಲಿ ಮಾಡುತ್ತಾರೆ. ನಳಿಗೆ ಯಾವಾಗಲೋ ಚೊಕ್ಕಟವಾಗಿರುತ್ತದೆ. ನೀಲಿ ಬರುತ್ತಿರುವುದು ಸಲಾಕೆಯ ತುದಿಯಲ್ಲಿ ಚಿಂದಿ ಹಿಡಿಯುವ ಹಿತ್ತಾಳೆ ಜ್ಯಾಗ್‌ನಿಂದ. ಹಿತ್ತಾಳೆಯಲ್ಲೂ ತಾಮ್ರ ಇದೆ, ಕಂಚಿನ ಬ್ರಷ್‌ನಲ್ಲೂ ಇದೆ. ತಾಮ್ರ ತೆಗೆಯುವಾಗ ನೈಲಾನ್ ಬ್ರಷ್, ಪ್ಲಾಸ್ಟಿಕ್ ಜ್ಯಾಗ್ ಬಳಸಿ.

.22 ರೈಫಲ್ ಇರುವವರೇ, ನಿಮಗೆ ಕೆಲಸ ಕಡಿಮೆ. ಅದರ ಗುಂಡು ಹೆಚ್ಚಾಗಿ ಮೇಣ ಸವರಿದ ಬರೀ ಸೀಸ. ಅಮೋನಿಯಾಕ್ಕೆ ಇಲ್ಲಿ ಏನೂ ಕೆಲಸ ಇಲ್ಲ. ಸಾಲ್ವೆಂಟ್ ಚಿಂದಿ ಒಂದೆರಡು, ಬೇಕಾದರೆ ಕಂಚಿನ ಬ್ರಷ್ ನಾಲ್ಕು ಸಲ, ಆಮೇಲೆ ಒಣ ಚಿಂದಿ. ಛೇಂಬರಿನ ಎದುರಿಗೇ ಉಂಗುರದ ಹಾಗೆ ಮಸಿ ಗಟ್ಟಿಯಾಗುತ್ತದೆ, ಅಲ್ಲಿ ಮಾತ್ರ ಹತ್ತು ನಿಮಿಷ ನೆನೆಯೋಕೆ ಬಿಡಿ. ಸೀಸ ಕರಗಿಸೋಕೆ ವಿನೆಗರ್, ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಅಂತ ಕೆಲವು ವಿಡಿಯೋಗಳು ಹೇಳುತ್ತವೆ. ಬೇಡ. ಅದರಿಂದ ಹುಟ್ಟುವ ಸೀಸದ ಅಸಿಟೇಟ್ ವಿಷ. ಕಬ್ಬಿಣವನ್ನೂ ತಿನ್ನುತ್ತದೆ.

ಮಾಮೂಲಿ ಮಸಿಗೆ ದುಡ್ಡು ಸುರಿಯಬೇಕಾಗಿಲ್ಲ. ಎಡ್ ಹ್ಯಾರಿಸ್ ಅನ್ನೋ ಅಮೆರಿಕದವರು ಪ್ರಚಾರಕ್ಕೆ ತಂದ "ಎಡ್ಸ್ ರೆಡ್" ಮನೆಯಲ್ಲೇ ಆಗುತ್ತದೆ. ಆಟೋಮ್ಯಾಟಿಕ್ ಗೇರ್ ಕಾರಿಗೆ ಹಾಕುವ ಎಟಿಎಫ್ ಎಣ್ಣೆ, ಸೀಮೆಎಣ್ಣೆ, ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್, ಅಸಿಟೋನ್, ನಾಲ್ಕೂ ಸಮಸಮ. ಅಸಿಟೋನ್ ಬೇಗ ಆರಿಹೋಗುತ್ತದೆ, ಬೆಂಕಿಗೂ ಹತ್ತಿರ, ಮರದ ಪಾಲಿಶ್ ಎಬ್ಬಿಸುತ್ತದೆ. ಅದನ್ನು ಬಿಟ್ಟರೂ ಕೆಲಸ ನಡೆಯುತ್ತದೆ. ತಾಮ್ರಕ್ಕೆ ಇದು ಸಾಲದು.

ಪೆಟ್ರೋಲ್ ಬೇಡ, ಆವಿ ಎಲ್ಲಿಂದಲೋ ಬೆಂಕಿ ಹುಡುಕಿಕೊಂಡು ಬರುತ್ತದೆ. ಬಾತ್‌ರೂಮ್ ಬ್ಲೀಚ್ ಬೇಡವೇ ಬೇಡ. ಅಮೋನಿಯಾ ಜೊತೆ ಸೇರಿದರೆ ವಿಷದ ಗಾಳಿ ಏಳುತ್ತದೆ. ಡಬ್ಲ್ಯುಡಿ-40 ತೇವ ಓಡಿಸೋಕೆ ಸರಿ, ತಿಂಗಳುಗಟ್ಟಲೆ ಕಾವಲಿಗೆ ಅದರ ಪದರ ತೀರಾ ತೆಳುವು. ಕೊಬ್ಬರಿ ಎಣ್ಣೆ? ಮಡಿಕೇರಿ ಚಳಿಯಲ್ಲಿ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ. ಹೊತ್ತು ಹೋದಂತೆ ಅಂಟಾಗುತ್ತದೆ ಕೂಡ.

ಸಾಲ್ವೆಂಟ್ ಬಗ್ಗೆ ಇಷ್ಟು ಜಗಳ ಆಡುತ್ತೇವೆ, ಸಲಾಕೆ ಕಡೆ ನೋಡುವುದೇ ಇಲ್ಲ ಅಲ್ವಾ? ಗುಂಡು ಕೊನೆಯದಾಗಿ ಬಿಡುವ ಜಾಗ ನಳಿಗೆ ಬಾಯಿಯ ಅಂಚು. ಆ ಅಂಚಿನ ಒಂದು ಮಗ್ಗುಲು ಸವೆದರೆ ಗುಂಡಿನ ಹಿಂದಿನ ಅನಿಲ ಒಂದೇ ಕಡೆಯಿಂದ ನುಗ್ಗುತ್ತದೆ, ಗುಂಡು ಓರೆ ಹೊರಡುತ್ತದೆ. ಆದ್ದರಿಂದ ಬೋಲ್ಟ್ ರೈಫಲ್‌ಗೆ ಸಲಾಕೆ ಹಿಂದಿನಿಂದಲೇ ಹೋಗಬೇಕು, ಸಲಾಕೆಯನ್ನು ನೇರ ಹಿಡಿಯುವ ಕೊಳವೆ, ಬೋರ್ ಗೈಡ್, ಇದ್ದರೆ ಇನ್ನೂ ಒಳ್ಳೆಯದು. ತುಂಡು ತುಂಡು ಜೋಡಿಸುವ ಸಲಾಕೆ ಬಾಗಿ ಒಳಗೆ ಉಜ್ಜುತ್ತದೆ. ಒಂದೇ ತುಂಡಿನದು, ಕೋಟಿಂಗ್ ಇರುವುದು ತೆಗೆದುಕೊಳ್ಳಿ. ಸಲಾಕೆ ತನ್ನ ಹಿಡಿಯೊಳಗೆ ತಾನಾಗಿ ತಿರುಗಬೇಕು, ಆಗ ಚಿಂದಿ ಸುರುಳಿಯ ಜಾಡಿನಲ್ಲೇ ಹೋಗುತ್ತದೆ.

ಚಿಂದಿ ಕಟ್ಟಿ ನಳಿಗೆಯೊಳಗೆ ಎಳೆಯುವ ಪುಲ್ ಥ್ರೂ ಹಗ್ಗ ಮೆತ್ತಗಿದೆ, ಅದೇನು ಮಾಡೀತು ಅನ್ನಬೇಡಿ. ಮಣ್ಣು ಮೆತ್ತಿದ ಹಗ್ಗವನ್ನು ಓರೆಯಾಗಿ ಎಳೆದೆಳೆದು ನಳಿಗೆ ಬಾಯಲ್ಲಿ ಕೊರಕಲು ಬಿದ್ದ ಹಳೆಯ .303ಗಳು ಬೇಕಾದಷ್ಟಿವೆ. ಹಗ್ಗ ತೊಳೆದಿರಲಿ, ನೇರ ಎಳೆಯಿರಿ. ಬ್ರಷ್ ಹಾಕಿದರೆ ಆಚೆ ತುದಿ ದಾಟುವ ತನಕ ತಳ್ಳಿ, ನಡುವೆ ಹಿಂದಕ್ಕೆ ಎಳೆಯಬೇಡಿ. ಸ್ಟೀಲ್ ಬ್ರಷ್, ಸ್ಟೀಲ್ ಉಣ್ಣೆ ರೈಫಲ್ ನಳಿಗೆಗೆ ಬೇಡ. 12 ಬೋರ್ ನುಣುಪು ನಳಿಗೆ ಸ್ವಲ್ಪ ಉದಾರಿ. ಅಲ್ಲಿ ತೋಟಾದೊಳಗೆ ಮದ್ದು, ಚರೆ ನಡುವೆ ಇರುವ ಪ್ಲಾಸ್ಟಿಕ್ ವ್ಯಾಡ್ ಬಳಿದಿರುತ್ತದೆ, ಕಂಚಿನ ಬ್ರಷ್ ಸಾಕು.

ತುಕ್ಕು ತಿಂದು ಗುಳಿ ಬಿದ್ದಿದ್ದರೆ ಯಾವ ಬಾಟಲಿಯೂ ಅದನ್ನು ತುಂಬುವುದಿಲ್ಲ. ತಡೆಯಬಹುದು ಅಷ್ಟೇ. ಕೊನೆಯ ಚಿಂದಿಗೆ ಗನ್ ಆಯಿಲ್ ಎರಡು ಹನಿ. ಮಳೆಗಾಲಕ್ಕೆ ಇಡುವುದಾದರೆ ಸ್ವಲ್ಪ ಜಾಸ್ತಿ ಹಚ್ಚಿ, ನಳಿಗೆ ಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಆಗ ಹೆಚ್ಚಿನ ಎಣ್ಣೆ ಮರದ ಹಿಡಿಗೆ ಇಳಿಯುವುದಿಲ್ಲ. ಚರ್ಮದ ಕವರಿನೊಳಗೆ ತುಂಬಿಡಬೇಡಿ, ಚರ್ಮ ತೇವ ಹಿಡಿದಿಡುತ್ತದೆ. ಪೂಜೆಗೆ ನಳಿಗೆ ಬಾಯಿಗೆ ಹೂವು ಸಿಕ್ಕಿಸಿದ್ದರೆ ತೆಗೆದ ಮೇಲೆ ಆ ಜಾಗ ಒರೆಸಿ, ತೊಟ್ಟಿನಲ್ಲಿ ನೀರಿರುತ್ತದೆ.

[ಠಾಣೆಯ ರಸೀದಿ ಕಟ್ಟಿದ ಕೋವಿ]

ಚುನಾವಣೆ ಹೊತ್ತಿಗೆ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡುವವರಿಗೂ ಇದೇ ಮಾತು. ಕೊಡುವ ಹಿಂದಿನ ದಿನ ತೊಳೆದು ದಪ್ಪಗೆ ಎಣ್ಣೆ ಹಚ್ಚಿ ಕೊಡಿ. ವಾಪಸ್ ಬಂದ ಕೋವಿಗೆ ನೇರ ತೋಟಾ ಹಾಕಬೇಡಿ. ಎಣ್ಣೆ ಒರೆಸಬೇಕು, ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿರಬಹುದು. ಅಡ್ಡ ಏನಾದರೂ ಇದ್ದು ಗುಂಡು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಖಾಲಿ ಅಂತ ನೋಡಿಕೊಂಡು, ಬೋಲ್ಟ್ ತೆಗೆದು, ಒಣ ಚಿಂದಿ ದಾಟಿಸಿ, ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿ. ಆಚೆ ತುದಿ ಪೂರ್ತಿ ದುಂಡಗೆ ಕಂಡರೆ ಮಾತ್ರ ಅವತ್ತು ತೋಟಾ ಪೆಟ್ಟಿಗೆ ತೆರೆಯಿರಿ.