ಚ್ಯಾಟ್ಸ್‌ವರ್ತ್: ಗುದ್ದಲಿ ಹಿಡಿದು ಮಾಡಿದ ಹಸಿರು

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಡಾರ್ಬಿಶೈರ್‌ನಲ್ಲಿ, ಡರ್ವೆಂಟ್ ಹೊಳೆಯ ದಡದಲ್ಲಿ ಚ್ಯಾಟ್ಸ್‌ವರ್ತ್ ಎಂಬ ದೊಡ್ಡ ಮನೆಯಿದೆ. ಅದರ ಸುತ್ತ ಕಣ್ಣು ಹಾಯುವಷ್ಟು ದೂರ ಹುಲ್ಲು, ಅಲ್ಲಲ್ಲಿ ಮರಗಳ ಗುಂಪು, ಮೇಯುವ ಕುರಿ. ನೋಡಿ ಬಂದವರು ‘ಆಹಾ, ಎಂಥ ನಿಸರ್ಗ!’ ಎನ್ನುತ್ತಾರೆ. ದಯವಿಟ್ಟು ಹಾಗೆನ್ನಬೇಡಿ. ಅಲ್ಲಿ ಕಾಣುವುದೆಲ್ಲ ಕೂಲಿಯಾಳುಗಳು ಅಗೆದು, ತುಂಬಿ, ನೆಟ್ಟು ಮಾಡಿದ್ದು.

1549ರಲ್ಲಿ ಕ್ಯಾವೆಂಡಿಷ್ ದಂಪತಿ ಈ ಜಾಗವನ್ನು ಕೊಂಡರು. ಮುಂದೆ ಅವರ ವಂಶಕ್ಕೆ ಡ್ಯೂಕ್ ಎಂಬ ದೊಡ್ಡ ಪದವಿ ಬಂತು. ಮೊದಲನೆಯ ಡ್ಯೂಕ್ ಆದವನು 1687ರಿಂದ ಮನೆಯನ್ನು ಭಾಗ ಭಾಗವಾಗಿ ಕೆಡವಿ ಕಟ್ಟಿಸಿದ. ತೋಟಕ್ಕೆ ನೂಲು ಹಿಡಿದಂತೆ ನೇರ ಗೆರೆಗಳನ್ನು ಹಾಕಿಸಿದ. 1760ರ ದಶಕದಲ್ಲಿ ತೋಟಗಳ ವಿನ್ಯಾಸಕಾರ ಕೇಪಬಿಲಿಟಿ ಬ್ರೌನ್ ಬಂದು ಅವುಗಳಲ್ಲಿ ಬಹುಪಾಲನ್ನು ಅಳಿಸಿ ಹುಲ್ಲು ಹರಡಿದ. ಆಮೇಲೆ, ಕಿಟಕಿಯಿಂದ ಕಾಣುತ್ತದೆಂದು ಎಡೆನ್ಸರ್ ಎಂಬ ಹಳ್ಳಿಯ ಮನೆಗಳನ್ನೂ ಎತ್ತಿಸಿದರು. ಊರಿಗೆ ಊರನ್ನೇ!

ಕಾರಂಜಿಯ ಕಥೆಯನ್ನಂತೂ ನಾನು ಹೇಳಲೇಬೇಕು. 1844ರಲ್ಲಿ ರಷ್ಯಾದ ಚಕ್ರವರ್ತಿ ನಿಕೊಲಾಸ್ ಬರುತ್ತಾನೆಂಬ ಸುದ್ದಿ ಹಬ್ಬಿತು. ಆರನೆಯ ಡ್ಯೂಕನಿಗೆ ಅವನನ್ನು ಬೆರಗುಗೊಳಿಸುವ ಆಸೆ. ತೋಟದ ಮೇಲ್ವಿಚಾರಕ ಜೋಸೆಫ್ ಪ್ಯಾಕ್ಸ್‌ಟನ್, ರೈತನ ಮಗ, ಗುಡ್ಡದ ಮೇಲೆ ಎಂಟು ಎಕರೆಯ ಕೆರೆ ತೋಡಿಸಿದ. ರಾತ್ರಿಯೂ ಪಂಜು ಉರಿಸಿ ಕೆಲಸ ನಡೆಯಿತು. ಆರು ತಿಂಗಳಲ್ಲಿ ಮುಗಿಯಿತು. ಮಹಡಿಯ ಮೇಲಿನ ತೊಟ್ಟಿಯ ನೀರು ಕೆಳಗಿನ ನಲ್ಲಿಯಲ್ಲಿ ರಭಸವಾಗಿ ಬರುತ್ತದಲ್ಲ, ಅದೇ ಲೆಕ್ಕ. ಪಂಪ್ ಇಲ್ಲ, ಯಂತ್ರವಿಲ್ಲ, ಬರಿಯ ಇಳಿಜಾರು. ನೀರು ಸುಮಾರು 90 ಮೀಟರ್ ಎತ್ತರಕ್ಕೆ ಚಿಮ್ಮಿತು! ಚಕ್ರವರ್ತಿ ಇಂಗ್ಲೆಂಡಿಗೆ ಬಂದ, ಚ್ಯಾಟ್ಸ್‌ವರ್ತ್‌ಗೆ ಬರಲೇ ಇಲ್ಲ. ಆದರೂ ಕಾರಂಜಿಗೆ ‘ಎಂಪರರ್’, ಅಂದರೆ ಚಕ್ರವರ್ತಿ, ಎಂಬ ಹೆಸರು ಉಳಿಯಿತು. ಈ ಪ್ಯಾಕ್ಸ್‌ಟನ್ನನೇ ಮುಂದೆ 1851ರಲ್ಲಿ ಲಂಡನ್ನಿನ ಗಾಜಿನ ಅರಮನೆಯನ್ನು ಕಟ್ಟಿದವನು. ಇಂಥ ಕೈಗಳು ಮಾಡಿದ್ದನ್ನು ನಿಸರ್ಗದ ಲೆಕ್ಕಕ್ಕೆ ಬರೆಯುತ್ತಾರಲ್ಲ, ನನಗೆ ಸಹನೆಯಾಗುವುದಿಲ್ಲ.

ಸಮಯ ಮುಗಿಯುತ್ತ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಪ್ಯಾಕ್ಸ್‌ಟನ್ ಇದೇ ತೋಟದಲ್ಲಿ ಗಿಡಗಳಿಗಾಗಿ ಕಟ್ಟಿದ್ದ ದೊಡ್ಡ ಗಾಜಿನ ಮನೆಯನ್ನು 1920ರಲ್ಲಿ ಕೆಡವಿದರು. ಎರಡನೆಯ ಮಹಾಯುದ್ಧದಲ್ಲಿ ಇಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಯಿತು. 1950ರಲ್ಲಿ ಹತ್ತನೆಯ ಡ್ಯೂಕ್ ತೀರಿಕೊಂಡಾಗ ಆಸ್ತಿಯ ಮೇಲೆ ನೂರಕ್ಕೆ 80ರಷ್ಟು ತೆರಿಗೆ ಬಿದ್ದಿತು. ಜಮೀನು, ಚಿತ್ರಗಳು, ಹಾರ್ಡ್‌ವಿಕ್ ಹಾಲ್ ಎಂಬ ಇನ್ನೊಂದು ಮನೆ, ಎಲ್ಲವೂ ಕೈಬಿಟ್ಟವು. 1981ರಿಂದ ಮನೆಯನ್ನು ಒಂದು ದತ್ತಿ ಸಂಸ್ಥೆ ನೋಡಿಕೊಳ್ಳುತ್ತಿದೆ.

ಗುಡ್ಡದ ಮೇಲಿನ ಕೆರೆಗಳ ನೀರಿನಿಂದ 1893ರಲ್ಲೇ ಮನೆಗೆ ವಿದ್ಯುತ್ ತಯಾರಿಸಿದರು. 1936ರಲ್ಲಿ ನಿಂತಿದ್ದ ಆ ಕೆಲಸ 1988ರಲ್ಲಿ ಹೊಸ ಟರ್ಬೈನಿನೊಂದಿಗೆ ಮತ್ತೆ ಶುರುವಾಯಿತು. ಪಂಜಿನ ಬೆಳಕಿನಲ್ಲಿ ಅಗೆದ ಕೆರೆ ಈಗ ದೀಪಗಳನ್ನು ಉರಿಸುತ್ತಿದೆ. ನಮಸ್ಕಾರ.