ಗಂಡ ಒಂದು ಬರೆದ, ಹೆಂಡತಿ ಇನ್ನೊಂದು ಬರೆದಳು

ಕೇಳುಗರೇ, ನಮಸ್ಕಾರ.

ಸಿನಿಮಾ ನೋಡಿ ಬಂದವರನ್ನು ಯಾರ ಪಿಕ್ಚರ್ ಅಂತ ಕೇಳಿ. ಹೀರೋ ಹೆಸರು ಹೇಳುತ್ತಾರೆ. ಸ್ವಲ್ಪ ತಿಳಿದವರಾದರೆ ಡೈರೆಕ್ಟರ್ ಹೆಸರು. ಮಾತು ಬರೆದವರು ಯಾರು ಅಂದರೆ ಮುಖ ಮುಖ ನೋಡುತ್ತಾರೆ. ನನಗೆ ಸಿಟ್ಟು ಬರೋದೇ ಅಲ್ಲಿ. ಅದಕ್ಕೇ ಇವತ್ತು ಹಾಲಿವುಡ್ಡಿನ ಒಂದು ಜೋಡಿಯ ಕಥೆ. ಹೆಂಡತಿ ಫ್ರಾನ್ಸೆಸ್ ಗುಡ್ರಿಚ್, ಗಂಡ ಆಲ್ಬರ್ಟ್ ಹ್ಯಾಕೆಟ್.

ಇಬ್ಬರೂ ಮೊದಲು ನಾಟಕದ ನಟರು. ಆಕೆ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. 1931ರಲ್ಲಿ ಮದುವೆ, ಆಮೇಲೆ ಎಂಜಿಎಂ ಸ್ಟುಡಿಯೋದಲ್ಲಿ ಕೆಲಸ. ಇವರು ಬರೆಯುತ್ತಿದ್ದ ರೀತಿಯೊಂದನ್ನು ನೆನಪಿಟ್ಟುಕೊಳ್ಳಿ, ಉಳಿದದ್ದು ಮರೆತರೂ ಪರವಾಗಿಲ್ಲ. ಒಂದೇ ದೃಶ್ಯವನ್ನು ಇಬ್ಬರೂ ಬೇರೆ ಬೇರೆ ಬರೆಯುತ್ತಿದ್ದರು. ಆಮೇಲೆ ಹಾಳೆ ಅದಲುಬದಲು. ಯಾರದ್ದು ಚೆನ್ನಾಗಿದೆ ಅಂತ ವಾದ. ಮತ್ತೆ ಬರೆಯೋದು. ನಾನೂ ನಮ್ಮ ಮನೆಯವರೂ ಮಗಳ ಮದುವೆ ಕಾಗದವನ್ನು ಹೀಗೆ ಬರೆಯೋಕೆ ಹೋಗಿ ಎರಡು ದಿನ ಮಾತು ಬಿಟ್ಟಿದ್ದೆವು, ಅದಿರಲಿ.

ಈಗ ‘ದ ಥಿನ್ ಮ್ಯಾನ್’ ವಿಷಯ. 1934ರ ಚಿತ್ರ. ಡ್ಯಾಶಿಯಲ್ ಹ್ಯಾಮೆಟ್ ಬರೆದ ಪತ್ತೇದಾರಿ ಕಾದಂಬರಿ, ಕೊಲೆ, ಪೊಲೀಸು, ಯಾರು ಕೊಂದರು ಅನ್ನೋ ಗೋಜಲು, ಎಲ್ಲ ಇತ್ತು. ಡೈರೆಕ್ಟರ್ ವ್ಯಾನ್ ಡೈಕ್ ಈ ಇಬ್ಬರನ್ನು ಕರೆದು, ಕೊಲೆಯ ಕಥೆ ಹಾಗಿರಲಿ, ಆ ಗಂಡಹೆಂಡತಿ ನಿಕ್ ಮತ್ತು ನೋರಾ ಇದ್ದಾರಲ್ಲ, ಅವರಿಬ್ಬರದ್ದು ಐದು ದೃಶ್ಯ ಬರೆದುಕೊಡಿ ಸಾಕು ಅಂದ. ಐದೇ ಐದು! ಇವರಿಗೆ ಇನ್ನೇನು ಬೇಕು ಹೇಳಿ? ಒಂದು ಕಡೆ ನೋರಾ ಬಾರಿಗೆ ಬರುತ್ತಾಳೆ. ಎಷ್ಟು ಗ್ಲಾಸು ಕುಡಿದಾಯಿತು ಅಂತ ಗಂಡನನ್ನು ಕೇಳುತ್ತಾಳೆ. ಇದು ಆರನೇ ಮಾರ್ಟಿನಿ ಅನ್ನುತ್ತಾನೆ, ಮಾರ್ಟಿನಿ ಅಂದರೆ ಒಂದು ಬಗೆಯ ಮದ್ಯ. ನಮ್ಮ ಸಿನಿಮಾ ಆಗಿದ್ದರೆ ಹೆಂಡತಿ ಸೆರಗು ಕಣ್ಣಿಗೆ ಒತ್ತಿಕೊಳ್ಳಬೇಕಿತ್ತು. ಇವಳು ವೇಟರನ್ನು ಕರೆದು, ನನಗೆ ಇನ್ನೂ ಐದು ತಂದು ಇಲ್ಲೇ ಸಾಲಾಗಿ ಇಡಪ್ಪಾ ಅನ್ನುತ್ತಾಳೆ! ಅಷ್ಟೇ ಮಾತು. ಇವರ ಸಂಸಾರ ಎಂಥದ್ದು ಅಂತ ಗೊತ್ತಾಯಿತಲ್ವಾ? ಒಂದೇ ತಲೆಯಿಂದ ಇಂಥ ಮಾತು ಹುಟ್ಟಲ್ಲ ಸ್ವಾಮಿ. ಒಬ್ಬರು ಬರೆದು ಇನ್ನೊಬ್ಬರು ತಿದ್ದಬೇಕು. ವಿಲಿಯಂ ಪೊವೆಲ್, ಮಿರ್ನಾ ಲಾಯ್ ಅದನ್ನು ಆಡಿದರು, ಮೂರು ವಾರದೊಳಗೆ ಶೂಟಿಂಗ್ ಮುಗಿಯಿತು, ಚಿತ್ರ ಓಡಿದ್ದೇ ಓಡಿದ್ದು. ಕೊಂದವನು ಯಾರು ಅಂತ ನನಗೇ ಈಗ ಸರಿಯಾಗಿ ನೆನಪಿಲ್ಲ. ಆ ಐದು ಗ್ಲಾಸು ನೆನಪಿದೆ.

ಅಯ್ಯೋ, ಗಾಜಿನ ಆಚೆಯಿಂದ ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷವಂತೆ. ಬೇಗ ಹೇಳುತ್ತೇನೆ. 1946ರಲ್ಲಿ ಇವರು ಬರೆದ ಚಿತ್ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’, ಅಲ್ಲಿ ಡೈರೆಕ್ಟರ್ ಕಾಪ್ರಾ ಜೊತೆ ಇವರಿಗೆ ಆಗಿಬರಲಿಲ್ಲ. 1950ರಲ್ಲಿ ‘ಫಾದರ್ ಆಫ್ ದ ಬ್ರೈಡ್’. ಆಸ್ಕರ್ ಪಟ್ಟಿಯಲ್ಲಿ ಒಟ್ಟು ನಾಲ್ಕು ಸಲ ಹೆಸರು ಬಂತು, ಒಂದು ಸಲವೂ ಪ್ರಶಸ್ತಿ ಬರಲಿಲ್ಲ.

ಕೊನೆಗೆ ಆನ್ ಫ್ರಾಂಕ್ ಡೈರಿಯ ನಾಟಕ. ಹಿಟ್ಲರನ ನಾಜಿಗಳಿಗೆ ಹೆದರಿ ಮನೆಯವರ ಜೊತೆ ಅಡಗಿಕೊಂಡಿದ್ದ ಯಹೂದಿ ಹುಡುಗಿ ಅವಳು. ನಗಿಸುವ ಮಾತು ಬರೆದುಕೊಂಡಿದ್ದವರಿಗೆ ಈ ಕೆಲಸ ಯಾಕೆ ಅಂತ ಅನ್ನಿಸಬಹುದು. ಎಂಟು ಸಲ ತಿದ್ದಿ ಬರೆದರು. 1954ರ ಡಿಸೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಹೋಗಿ, ಆ ಹುಡುಗಿಯ ಅಪ್ಪ ಆಟೊ ಫ್ರಾಂಕ್ ಅವರನ್ನು ಕಂಡು, ಮನೆಯವರೆಲ್ಲ ಅಡಗಿದ್ದ ಜಾಗ ನೋಡಿ ಬಂದರು. 1955ರ ಅಕ್ಟೋಬರ್ 5ಕ್ಕೆ ನ್ಯೂಯಾರ್ಕಿನಲ್ಲಿ ಮೊದಲ ಪ್ರದರ್ಶನ. ಮರುವರ್ಷ ಅಮೆರಿಕದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು, ಇಬ್ಬರ ಹೆಸರಿಗೂ ಸೇರಿಸಿ.